ದೂರದ ಕ್ಲಸ್ಟರ್‌ನಲ್ಲಿ ಮತ್ತು ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಓಪನ್‌ಫೋಮ್: ಬಳಸಿದವರ ಅನುಭವ ಬೇಕು

ಪ್ರಶ್ನೆ

ದ್ರವಚಲನೆಯ ಸಿಮ್ಯುಲೇಶನ್‌ಗಾಗಿ ಓಪನ್‌ಫೋಮ್ ಬಳಸಲು ಹೊರಟಿದ್ದೇನೆ. ನನ್ನ ಬಳಿ 16 ಜಿಬಿ ರ್‍ಯಾಮ್ ಇರುವ ವಿಂಡೋಸ್ ಲ್ಯಾಪ್‌ಟಾಪ್ ಇದೆ. ದೂರದ ಲಿನಕ್ಸ್ ಕ್ಲಸ್ಟರ್ (ಜಾಲದಿಂದ ಜೋಡಿಸಿದ ಹಲವು ಕಂಪ್ಯೂಟರ್‌ಗಳ ಗುಂಪು) ಒಂದರಲ್ಲಿ ಖಾತೆಯೂ ದೊರೆತಿದೆ, ಆದರೆ ಅಲ್ಲಿ ರೂಟ್ ಅಧಿಕಾರ (ನಿರ್ವಾಹಕರ ಪೂರ್ಣ ಅಧಿಕಾರ) ಇಲ್ಲ. ಯಾವುದನ್ನು ಎಲ್ಲಿ ಹಾಕಿಕೊಳ್ಳಬೇಕು, ಫಲಿತಾಂಶಗಳನ್ನು ಹೇಗೆ ನೋಡಬೇಕು, ಮುಂದೆ ಲೈಸೆನ್ಸ್ ಬೇಕಾಗುವ ಸಾಫ್ಟ್‌ವೇರ್ ಬಳಸುವಂತಾದರೆ ಏನನ್ನು ಗಮನಿಸಬೇಕು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ಲ್ಯಾಪ್‌ಟಾಪ್‌ಗೆ ಏನನ್ನಾದರೂ ಹಾಕುವ ಮೊದಲು ಕ್ಲಸ್ಟರ್‌ಗೆ ಲಾಗಿನ್ ಆಗಿ, ಸಿದ್ಧವಿರುವ ಸಾಫ್ಟ್‌ವೇರ್‌ಗಳ ಪಟ್ಟಿ ತೋರಿಸುವ ‘ಮಾಡ್ಯೂಲ್ ಅವೇಲ್’ ಆಜ್ಞೆ ಕೊಟ್ಟು, ಅಲ್ಲಿ ಓಪನ್‌ಫೋಮ್‌ನ ಯಾವ ಆವೃತ್ತಿ ಇದೆ ಎಂದು ನೋಡಿಕೊಳ್ಳಿ. ಅದೇ ಆವೃತ್ತಿಯನ್ನು ಲ್ಯಾಪ್‌ಟಾಪ್‌ಗೂ ಹಾಕಿಕೊಳ್ಳಿ. ನನ್ನ ಅನುಭವದಲ್ಲಿ ಉಳಿದ ಎಲ್ಲ ಸಲಹೆಗಳಿಗಿಂತ ಇದು ಹೆಚ್ಚು ಸಮಯ ಉಳಿಸುತ್ತದೆ. 2004ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂದ ಓಪನ್‌ಫೋಮ್ ಈಗ ಎರಡು ಮುಖ್ಯ ಕವಲುಗಳಲ್ಲಿ ಬೆಳೆಯುತ್ತಿದೆ. ಓಪನ್‌ಫೋಮ್ ಫೌಂಡೇಶನ್‌ನವರು 10, 11, 12 ಎಂದು ಸಂಖ್ಯೆ ಕೊಡುತ್ತಾರೆ. ಓಪನ್‌ಸಿಎಫ್‌ಡಿ ಕಂಪನಿಯವರು ವಿ2306, ವಿ2312 ಎಂದು ಇಸವಿ ಮತ್ತು ತಿಂಗಳನ್ನು ಸೇರಿಸಿ ಹೆಸರಿಡುತ್ತಾರೆ. ಒಂದು ಕವಲಿನಲ್ಲಿ ಸಿದ್ಧಪಡಿಸಿದ ಕೇಸ್ (ಒಂದು ಸಿಮ್ಯುಲೇಶನ್‌ಗೆ ಬೇಕಾದ ಕಡತಗಳ ಫೋಲ್ಡರ್) ಇನ್ನೊಂದರಲ್ಲಿ ಹಾಗೆಯೇ ಓಡುತ್ತದೆ ಎಂದು ನಂಬುವಂತಿಲ್ಲ. ಒಂದೇ ಕವಲಿನೊಳಗೂ ದೊಡ್ಡ ಬದಲಾವಣೆಗಳಾಗುತ್ತವೆ: ಫೌಂಡೇಶನ್‌ನ 11ನೆಯ ಆವೃತ್ತಿಯಲ್ಲಿ ಸಿಂಪಲ್‌ಫೋಮ್, ಪಿಂಪಲ್‌ಫೋಮ್ ಎಂಬ ಸಾಲ್ವರ್‌ಗಳ (ಸಮೀಕರಣಗಳನ್ನು ಬಿಡಿಸುವ ಪ್ರೋಗ್ರಾಂಗಳ) ಸ್ಥಾನಕ್ಕೆ ಫೋಮ್‌ರನ್ ಎಂಬ ಪ್ರೋಗ್ರಾಂ ಬಂದು, ಸಾಲ್ವರ್‌ಗಳು ಅದು ಬಳಸುವ ಮಾಡ್ಯೂಲ್‌ಗಳಾದವು.

ವಿಂಡೋಸ್‌ನಲ್ಲಿ, ಅದರೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ 2 ಸಾಕು, ಪ್ರತ್ಯೇಕ ಲಿನಕ್ಸ್ ಪಾರ್ಟಿಶನ್ ಮಾಡುವ ಅಗತ್ಯವಿಲ್ಲ. ಆದರೆ ಕೇಸ್ ಫೋಲ್ಡರ್‌ಗಳನ್ನು ಲಿನಕ್ಸ್‌ನ ಹೋಮ್ ಒಳಗೇ ಇಡಿ. ಅವುಗಳನ್ನು ಸಿ ಡ್ರೈವ್‌ನಲ್ಲಿಟ್ಟು ಲಿನಕ್ಸ್ ಕಡೆಯಿಂದ ತೆರೆದರೆ ಪ್ರತಿಯೊಂದು ಕಡತವೂ ಎರಡು ವ್ಯವಸ್ಥೆಗಳ ಗಡಿ ದಾಟಬೇಕಾಗುವುದರಿಂದ, ಸಣ್ಣ ಕಡತಗಳನ್ನು ಹೇರಳವಾಗಿ ಬರೆಯುವ ಓಪನ್‌ಫೋಮ್ ಎದ್ದು ಕಾಣುವಷ್ಟು ನಿಧಾನವಾಗುತ್ತದೆ. ಡಬ್ಲ್ಯುಎಸ್‌ಎಲ್ ತಾನಾಗಿ ತೆಗೆದುಕೊಳ್ಳುವುದು ಒಟ್ಟು ಮೆಮೊರಿಯ ಅರ್ಧ ಮಾತ್ರ, ಅಂದರೆ ನಿಮಗೆ 8 ಜಿಬಿ. ಹತ್ತು ಲಕ್ಷ ಸೆಲ್‌ಗಳ ಮೆಶ್‌ಗೆ (ಲೆಕ್ಕಕ್ಕಾಗಿ ಜಾಗವನ್ನು ಸಣ್ಣ ಸೆಲ್‌ಗಳಾಗಿ ವಿಭಜಿಸಿದ ಜಾಲಕ್ಕೆ) 1ರಿಂದ 2 ಜಿಬಿ ಬೇಕಾಗಬಹುದು ಎಂಬ ಸ್ಥೂಲ ಲೆಕ್ಕವನ್ನು ಇಟ್ಟುಕೊಂಡರೆ, ಲ್ಯಾಪ್‌ಟಾಪ್ ಇರುವುದು ಒರಟು ಮೆಶ್‌ನಲ್ಲಿ ಕೇಸ್ ಸಿದ್ಧಪಡಿಸಿ ಪರೀಕ್ಷಿಸುವುದಕ್ಕೆ, ನಿಜವಾದ ಓಟ ಕ್ಲಸ್ಟರ್‌ನ ಕೆಲಸ ಎಂಬುದು ತಾನೇ ಸ್ಪಷ್ಟವಾಗುತ್ತದೆ.

ಕ್ಲಸ್ಟರ್‌ನಲ್ಲಿ ಬೇಕಾದ ಆವೃತ್ತಿ ಇಲ್ಲದಿದ್ದರೆ ಮೊದಲು ಅಡ್ಮಿನ್‌ ಅವರನ್ನು ಕೇಳಿ. ಆಗದಿದ್ದರೆ ಹೋಮ್ ಫೋಲ್ಡರ್‌ನಲ್ಲಿ ಸೋರ್ಸ್‌ನಿಂದ ಕಂಪೈಲ್ ಮಾಡಿಕೊಳ್ಳಬಹುದು, ಇಲ್ಲವೇ ಆಪ್ಟೇನರ್ ಕಂಟೇನರ್ (ಸಾಫ್ಟ್‌ವೇರನ್ನು ಅದಕ್ಕೆ ಬೇಕಾದುದೆಲ್ಲದರೊಂದಿಗೆ ಕಟ್ಟಿಟ್ಟ ಪೊಟ್ಟಣ) ಬಳಸಬಹುದು. ಇನ್ನೊಂದು ಕಂಟೇನರ್ ವ್ಯವಸ್ಥೆಯಾದ ಡಾಕರ್ ಬಳಸಲು ಸಾಮಾನ್ಯವಾಗಿ ರೂಟ್‌ಗೆ ಸಮಾನವಾದ ಅಧಿಕಾರ ಬೇಕಾಗುವುದರಿಂದ ಹಂಚಿಕೊಂಡ ಯಂತ್ರಗಳಲ್ಲಿ ಅದಕ್ಕೆ ಸಾಮಾನ್ಯವಾಗಿ ಅನುಮತಿ ಇರುವುದಿಲ್ಲ. 2021ರವರೆಗೆ ಸಿಂಗ್ಯುಲಾರಿಟಿ ಎಂಬ ಹೆಸರಿದ್ದ ಆಪ್ಟೇನರ್ ಬಳಕೆದಾರರ ಅಧಿಕಾರದಲ್ಲಿಯೇ ಓಡುತ್ತದೆ. ಒಂದೇ ನೋಡ್‌ನಲ್ಲಿ (ಕ್ಲಸ್ಟರ್‌ನ ಒಂದು ಕಂಪ್ಯೂಟರ್‌ನಲ್ಲಿ) ಓಡಿಸುವುದಾದರೆ ಕಂಟೇನರ್ ನೆಮ್ಮದಿಯ ದಾರಿ. ಹಲವು ನೋಡ್‌ಗಳಿಗೆ ಹರಡುವಾಗ ಕಂಟೇನರ್ ಒಳಗಿನ ಎಂಪಿಐ (ಕೋರ್‌ಗಳ ನಡುವೆ ಮಾಹಿತಿ ಸಾಗಿಸುವ ತಂತ್ರಾಂಶ) ಮತ್ತು ಹೊರಗಿನ ಎಂಪಿಐ ಪರಸ್ಪರ ಹೊಂದಬೇಕು, ಇಲ್ಲದಿದ್ದರೆ ಓಟ ಶುರುವಾಗುವುದೇ ಇಲ್ಲ, ಅಥವಾ ಒಂದೇ ಕೆಲಸ ಪ್ರತಿ ಕೋರ್‌ನಲ್ಲೂ ಬೇರೆ ಬೇರೆಯಾಗಿ ನಡೆಯುತ್ತದೆ. ಹಾಗಾಗಿ ಕ್ಲಸ್ಟರ್‌ನವರೇ ಕಂಪೈಲ್ ಮಾಡಿಟ್ಟ ಆವೃತ್ತಿ ತುಸು ಹಳೆಯದಾದರೂ ನಾನು ಅದನ್ನೇ ಆರಿಸುತ್ತೇನೆ.

ಲಾಗಿನ್ ನೋಡ್‌ನಲ್ಲಿ ಸಾಲ್ವರ್ ಓಡಿಸಬೇಡಿ. ಅದು ಎಲ್ಲರೂ ಬಳಸುವ ಯಂತ್ರ. ಕೆಲಸಗಳನ್ನು ಸರದಿಯಲ್ಲಿ ಹಂಚುವ ಸ್ಲರ್ಮ್ ಇದ್ದರೆ, ಅದಕ್ಕೆ ಸಲ್ಲಿಸುವ ಎಸ್‌ಬ್ಯಾಚ್ ಸ್ಕ್ರಿಪ್ಟ್ ಬರೆದು, ಬೇಕಾದ ಮಾಡ್ಯೂಲ್‌ಗಳನ್ನು ಆ ಸ್ಕ್ರಿಪ್ಟ್‌ನೊಳಗೇ ಲೋಡ್ ಮಾಡಿ. ಆಗ ಯಾವ ಓಟಕ್ಕೆ ಯಾವ ಆವೃತ್ತಿ ಬಳಸಿದಿರಿ ಎಂಬ ದಾಖಲೆಯೂ ಅದರಲ್ಲಿಯೇ ಉಳಿಯುತ್ತದೆ. ಸ್ಕ್ರಿಪ್ಟನ್ನು ವಿಂಡೋಸ್ ಎಡಿಟರ್‌ನಲ್ಲಿ ಬರೆದಿದ್ದರೆ ಸಾಲಿನ ಕೊನೆಯ ಗುರುತುಗಳು ಬೇರೆಯಾಗಿರಬಹುದು ಮತ್ತು ಸ್ಲರ್ಮ್ ಅದನ್ನು ತಿರಸ್ಕರಿಸುತ್ತದೆ. ‘ಡಾಸ್‌ಟುಯುನಿಕ್ಸ್’ ಓಡಿಸಿದರೆ ಸರಿಯಾಗುತ್ತದೆ. ಕ್ಲಸ್ಟರ್‌ನಲ್ಲಿ ಶೆಲ್ ಶುರುವಾದಾಗ ತಾನಾಗಿ ಓಡುವ ಬ್ಯಾಷ್‌ಆರ್‌ಸಿ ಕಡತದಲ್ಲಿ ಪರದೆಗೆ ಏನನ್ನಾದರೂ ಮುದ್ರಿಸುವ ಸಾಲು ಇರಬಾರದು. ಅಂಥ ಒಂದು ಸಾಲು ಇದ್ದರೂ ಕಡತಗಳನ್ನು ನಕಲಿಸುವ ಆರ್‌ಸಿಂಕ್ ಅರ್ಥವಾಗದ ದೋಷ ತೋರಿಸಿ ನಿಂತುಬಿಡುತ್ತದೆ, ಕಾರಣ ಅಲ್ಲಿದೆ ಎಂದು ಯಾರಿಗೂ ಬೇಗ ಹೊಳೆಯುವುದಿಲ್ಲ.

ಕೊನೆಯದಾಗಿ, ಜೊತೆಗೇ ಬರುವ ಕ್ಯಾವಿಟಿ ಅಥವಾ ಪಿಟ್ಜ್‌ಡೈಲಿ ಉದಾಹರಣೆಯನ್ನು ಎರಡೂ ಕಡೆ ಓಡಿಸಿ, ಮೊದಲ ಕೆಲವು ಹಂತಗಳ ರೆಸಿಡ್ಯುಅಲ್‌ಗಳನ್ನು (ಸಮೀಕರಣಗಳಲ್ಲಿ ಉಳಿದ ದೋಷದ ಅಳತೆಗಳನ್ನು) ಹೋಲಿಸಿ. ಕಂಪೈಲರ್ ಬೇರೆಯಾದ ಕಾರಣ ಕೊನೆಯ ಅಂಕಿಗಳು ಬದಲಾಗಬಹುದು. ಮೊದಲ ಅಂಕಿಗಳೇ ಬೇರೆಯಾದರೆ ಮಾತ್ರ ಸೆಟಪ್ ಇನ್ನೂ ಮುಗಿದಿಲ್ಲ ಎಂದು ತಿಳಿಯಿರಿ.

ಎರಡನೆಯ ಉತ್ತರ

ಆವೃತ್ತಿಯ ಮಾತು ಫಲಿತಾಂಶಗಳನ್ನು ಚಿತ್ರವಾಗಿ ತೋರಿಸುವ ಪ್ಯಾರಾವ್ಯೂಗೆ ಇನ್ನಷ್ಟು ಬಿಗಿಯಾಗಿ ಅನ್ವಯಿಸುತ್ತದೆ. ದೊಡ್ಡ ಫಲಿತಾಂಶಗಳನ್ನು ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳುವ ಬದಲು ಕ್ಲಸ್ಟರ್‌ನ ಕಂಪ್ಯೂಟ್ ನೋಡ್‌ನಲ್ಲಿ ಪ್ಯಾರಾವ್ಯೂನ ಸರ್ವರ್ ಭಾಗವಾದ ಪಿವಿಸರ್ವರ್ ಓಡಿಸಿ, ಎಸ್‌ಎಸ್‌ಎಚ್ ಟನೆಲ್ (ಗೂಢಲಿಪಿಯ ಸುರಕ್ಷಿತ ಸಂಪರ್ಕ) ಮೂಲಕ ಅದರ 11111ನೆಯ ಪೋರ್ಟ್‌ಗೆ ಲ್ಯಾಪ್‌ಟಾಪ್‌ನ ಪ್ಯಾರಾವ್ಯೂ ಜೋಡಿಸುವುದು ಉತ್ತಮ. ಆದರೆ ಎರಡೂ ಕಡೆಯ ಪ್ಯಾರಾವ್ಯೂ ಆವೃತ್ತಿಗಳು ಹೊಂದದಿದ್ದರೆ ಸಂಪರ್ಕವೇ ಆಗುವುದಿಲ್ಲ. ಇಡೀ ಕಿಟಕಿಯನ್ನು ಲಿನಕ್ಸ್‌ನ ಕಿಟಕಿ ವ್ಯವಸ್ಥೆಯಾದ ಎಕ್ಸ್11 ಮೂಲಕ ತರಿಸಿಕೊಳ್ಳುವ ದಾರಿ ದೂರದ ಸಂಪರ್ಕದಲ್ಲಿ ತೀರ ನಿಧಾನ, ಅದನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಕೇಸನ್ನು ಕೋರ್‌ಗಳಿಗೆ ಹಂಚುವ ಡಿಕಂಪೋಸ್‌ಪಾರ್ ಪ್ರತಿ ಪ್ರೊಸೆಸರ್‌ಗೂ ಒಂದೊಂದು ಫೋಲ್ಡರ್ ಮಾಡುವುದರಿಂದ, ನೂರಾರು ಕೋರ್‌ಗಳ ಓಟದಲ್ಲಿ ಡಿಸ್ಕ್‌ನ ಜಾಗ ಮುಗಿಯುವ ಮೊದಲೇ ಕಡತಗಳ ಸಂಖ್ಯೆಯ ಮಿತಿ ಮುಗಿಯಬಹುದು. ಕೊಲೇಟೆಡ್ ಫೈಲ್ ಹ್ಯಾಂಡ್ಲರ್ ಬಳಸಿದರೆ ಅವೆಲ್ಲ ಒಟ್ಟಾಗುತ್ತವೆ. ಹೆಚ್ಚು ಕೋರ್ ಕೇಳಿದಷ್ಟೂ ವೇಗ ಹೆಚ್ಚುತ್ತದೆ ಎಂದೂ ಎಣಿಸಬೇಡಿ: ಇಂಥ ಸಾಲ್ವರ್‌ಗಳಿಗೆ ಅಡ್ಡಿಯಾಗುವುದು ಬಹುಪಾಲು ಮೆಮೊರಿಯ ವೇಗವೇ ಆದ್ದರಿಂದ ಒಂದು ಕೋರನ್ನು ಎರಡಾಗಿ ತೋರಿಸುವ ಹೈಪರ್‌ಥ್ರೆಡಿಂಗ್‌ನ ಹೆಚ್ಚುವರಿ ಥ್ರೆಡ್‌ಗಳಿಂದ ಲಾಭ ಅತ್ಯಲ್ಪ. ಪ್ರತಿ ಕೋರ್‌ಗೆ 50 ಸಾವಿರದಿಂದ ಒಂದು ಲಕ್ಷ ಸೆಲ್ ಎಂಬ ಲೆಕ್ಕದಿಂದ ಆರಂಭಿಸಿ, ನಿಮ್ಮ ಕ್ಲಸ್ಟರ್‌ನಲ್ಲಿ ಅಳೆದು ನೋಡಿ.

ಮೂರನೆಯ ಉತ್ತರ

ಲೈಸೆನ್ಸ್ ಬಗ್ಗೆ ಮಾತ್ರ ಹೇಳುತ್ತೇನೆ. ಬಹಳಷ್ಟು ವಾಣಿಜ್ಯ ಸಾಫ್ಟ್‌ವೇರ್‌ಗಳು ಫ್ಲೆಕ್ಸ್‌ನೆಟ್ ಲೈಸೆನ್ಸ್ ಸರ್ವರ್ ಬಳಸುತ್ತವೆ. ಅದಕ್ಕೆ ಬೇಕಾಗುವುದು ಒಂದಲ್ಲ, ಎರಡು ಪೋರ್ಟ್: ಒಂದು ಲೈಸೆನ್ಸ್ ಮ್ಯಾನೇಜರ್‌ನದು, ಇನ್ನೊಂದು ತಯಾರಕರ ಡೀಮನ್‌ನದು (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂನದು). ಎರಡನೆಯದನ್ನು ಲೈಸೆನ್ಸ್ ಕಡತದಲ್ಲಿ ನಿಗದಿಪಡಿಸದಿದ್ದರೆ ಸರ್ವರ್ ಮರುಪ್ರಾರಂಭವಾದಾಗ ಅದು ಬೇರೆ ಪೋರ್ಟ್ ಹಿಡಿಯಬಹುದು. ನಿನ್ನೆ ಸರಿಯಾಗಿದ್ದದ್ದು ಇಂದು ಫೈರ್‌ವಾಲ್‌ನಲ್ಲಿ ಸಿಕ್ಕಿಕೊಳ್ಳುವುದು ಹೀಗೆ. ಲಾಗಿನ್ ನೋಡ್‌ನಿಂದ ಲೈಸೆನ್ಸ್ ಸಿಕ್ಕಿತೆಂದು ಸುಮ್ಮನಾಗದೆ, ಒಂದು ಪುಟ್ಟ ಜಾಬ್ ಸಲ್ಲಿಸಿ ಕಂಪ್ಯೂಟ್ ನೋಡ್‌ನಿಂದಲೂ ಪರೀಕ್ಷಿಸಿ, ಏಕೆಂದರೆ ಅನೇಕ ಕ್ಲಸ್ಟರ್‌ಗಳಲ್ಲಿ ಕಂಪ್ಯೂಟ್ ನೋಡ್‌ಗಳಿಗೆ ಹೊರಗಿನ ಜಾಲದ ಸಂಪರ್ಕ ಇರುವುದಿಲ್ಲ. ಹಾಗಿದ್ದಲ್ಲಿ ಯಾವ ವಿಳಾಸಕ್ಕೆ, ಯಾವ ಎರಡು ಪೋರ್ಟ್‌ಗಳಿಗೆ ದಾರಿ ಬೇಕು ಎಂಬುದನ್ನು ನಿಖರವಾಗಿ ಬರೆದು ಅಡ್ಮಿನ್‌ ಅವರಿಗೆ ಕೊಡಿ.