ಅಜ್ಜನ ಗಲ್ಲಾ ಲೆಕ್ಕವನ್ನು ಯುಪಿಐ ಕಾಲದಲ್ಲಿ ನಡೆಸೋದು ಹೇಗೆ? ಹೋಟೆಲ್, ಅಂಗಡಿ ನಡೆಸುವವರು ಹೇಳಿ

ಡೊಂಬಿವಲಿ ಮೊಮ್ಮಗಳು:

ಎಲ್ಲರಿಗೂ ನಮಸ್ಕಾರ. ನಮ್ಮದು ಡೊಂಬಿವಲಿ ಪೂರ್ವದಲ್ಲಿ ಒಂದು ಸಣ್ಣ ಉಡುಪಿ ಹೋಟೆಲ್, ಆರು ಟೇಬಲಿನದು. ಅಜ್ಜ ಕುಂದಾಪುರದ ಕಡೆಯವರು. ಮೀಸೆ ಮೂಡುವ ಮೊದಲೇ ಬೊಂಬಾಯಿಗೆ ಬಂದು, ಫೋರ್ಟಿನ ಹೋಟೆಲೊಂದರಲ್ಲಿ ಹಗಲು ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಗೆ ಹೋಗಿ ಲೆಕ್ಕ ಕಲಿತವರು. ಅಪ್ಪನಿಗೆ ಮೊಣಕಾಲಿನ ಆಪರೇಷನ್ ಆದಾಗಿನಿಂದ ಗಲ್ಲಾದಲ್ಲಿ ನಾನು ಕೂರುತ್ತಿದ್ದೇನೆ.

ಅಜ್ಜ ರಾತ್ರಿ ಗಲ್ಲಾ ಮುಚ್ಚುತ್ತಿದ್ದ ರೀತಿ ನನಗೆ ಚೆನ್ನಾಗಿ ನೆನಪಿದೆ. ಶಟರ್ ಅರ್ಧ ಇಳಿಸಿ, ಮೇಜಿನ ಮೇಲೆ ಹಿಂದಿನ ದಿನದ ಪೇಪರ್ ಹಾಸಿ, ಎಲ್ಲ ನೋಟು ಅದರ ಮೇಲೆ ಸುರಿಯುತ್ತಿದ್ದರು. ಹಳೆ ಬಿಲ್ ಪುಸ್ತಕದ ಹಿಂಬದಿಯನ್ನು ಹರಿದು ಚೀಟಿ ಮಾಡಿ, ಪೆನ್ಸಿಲಿನಲ್ಲಿ ‘ಹಾಲು’, ‘ಹುಡುಗರು’, ‘ಗ್ಯಾಸ್’, ‘ಸಾಮಾನು’, ‘ಬಾಡಿಗೆ’ ಅಂತ ಬರೆದು ಸಾಲಾಗಿ ಇಡುತ್ತಿದ್ದರು. ಕೊನೆಯ ಚೀಟಿ ‘ಮನೆ’. ಆಮೇಲೆ ಒಂದೊಂದು ಚೀಟಿಯ ಮೇಲೂ ಎಣಿಸಿ ಇಟ್ಟು ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು. ಹಾಲಿಗೆ ಯಾವತ್ತೂ ಮೊದಲ ಸ್ಥಾನ. ಬೆಳಗಿನ ಜಾವ ಹಾಲಿನವನು ಬಾಗಿಲಿಂದ ತಿರುಗಿ ಹೋದರೆ ಹೋಟೆಲಿಗೆ ಆ ದಿನವೇ ಇಲ್ಲ ಅನ್ನುತ್ತಿದ್ದರು. ಮಾರಾಟ ಕಮ್ಮಿಯಾದ ದಿನ ‘ಮನೆ’ ಚೀಟಿಯ ಮೇಲೆ ಏನೂ ಬೀಳುತ್ತಿರಲಿಲ್ಲ. ಆ ಬರಿ ಚೀಟಿಯನ್ನೂ ಮಡಚಿ ಜೇಬಿಗೆ ಹಾಕಿಕೊಂಡು ಮನೆಗೆ ಬರುತ್ತಿದ್ದರು, ಅಜ್ಜಿಗೆ ತೋರಿಸೋದಕ್ಕೆ. ‘ಗಲ್ಲಾದಗೆ ಇಪ್ಪುದೆಲ್ಲ ನಮ್ದಲ್ಲ ಮಗಾ’ ಅನ್ನೋದು ಅವರು ನಮಗೆ ಹೇಳಿಕೊಟ್ಟ ವ್ಯಾಪಾರ.

ಈಗ ನನ್ನ ಪ್ರಶ್ನೆ. ನಮ್ಮಲ್ಲಿ ಈಗ ನೋಟು ಕೊಡುವವರು ಬಹಳ ಕಮ್ಮಿ. ಚಹಾದ ದುಡ್ಡೂ ಸ್ಕ್ಯಾನ್ ಮಾಡಿಯೇ ಕೊಡುತ್ತಾರೆ. ಎಲ್ಲಾ ಒಂದೇ ಖಾತೆಗೆ ಬಂದು ಬೀಳುತ್ತದೆ. ಭಾನುವಾರ ರಾತ್ರಿ ಮೊಬೈಲಿನಲ್ಲಿ ಬ್ಯಾಲೆನ್ಸ್ ದೊಡ್ಡದಾಗಿ ಕಾಣಿಸುತ್ತದೆ. ತಮ್ಮ ಅದನ್ನು ನೋಡಿ ಕಲ್ಯಾಣದಲ್ಲಿ ಇನ್ನೊಂದು ಬ್ರಾಂಚ್ ಹಾಕೋಣ ಅನ್ನುತ್ತಾನೆ. ಅವನ ಆಸೆ ಒಳ್ಳೆಯದೇ. ಆದರೆ ಆ ಮೊತ್ತದೊಳಗೆ ಹುಡುಗರ ಸಂಬಳ ಇದೆ, ಕಿರಾಣಿಯವನ ದುಡ್ಡು ಇದೆ, ಜಿಎಸ್‌ಟಿ ಇದೆ. ಕಣ್ಣಿಗೆ ಕಾಣೋದು ಮಾತ್ರ ಒಂದೇ ಸಂಖ್ಯೆ. ಅಜ್ಜನ ಚೀಟಿಗಳನ್ನು ಈ ಕಾಲಕ್ಕೆ ತಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಗೆ ಅಂತ ಬರೆಯಿರಿ.


ಲಾಲ್‌ಬಾಗ್ ಮಾಣಿ:

ತಂಗೀ, ನಿಮ್ಮ ಅಜ್ಜನ ಚೀಟಿಯ ವಿಷಯ ಓದಿ ತುಂಬ ಸಂತೋಷ ಆಯ್ತು. ನಮ್ಮ ಅಜ್ಜನದೂ ಇದೇ ಲೆಕ್ಕ. ಅದು ಎಷ್ಟು ಗಟ್ಟಿ ಅಂತ ನಮ್ಮ ಮನೆ ನೋಡಿದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಅಜ್ಜನ ಹೋಟೆಲ್ ಮುಂಬೈಯ ಲಾಲ್‌ಬಾಗಿನ ಗಲ್ಲಿಯೊಂದರಲ್ಲಿತ್ತು, ಗಿರಣಿಗಳ ಮಧ್ಯೆ. ಗಿರಾಕಿಗಳೆಲ್ಲ ಗಿರಣಿ ಕಾರ್ಮಿಕರು, ಹೆಚ್ಚಿನವರು ಕೊಂಕಣದವರು, ಸಾತಾರಾ ಕಡೆಯವರು. ಶಿಫ್ಟ್ ಬಿಟ್ಟ ಕೂಡಲೇ ಉಸಳ್-ಪಾವ್, ಚಹಾ. ಅದೆಲ್ಲ ಉದ್ರಿ. ಪಗಾರದ ದಿನ ಬಂದು ಖಾತೆ ಚುಕ್ತಾ ಮಾಡುತ್ತಿದ್ದರು. ಗಿರಣಗಾಂವಿನಲ್ಲಿ, ಅಂದರೆ ಆ ಗಿರಣಿ ಪ್ರದೇಶದಲ್ಲಿ, ಉದ್ರಿ ಕೊಡದೆ ಹೋಟೆಲ್ ನಡೆಸೋದು ಆಗದ ಮಾತು. ಅಜ್ಜನ ನಿಯಮ ಒಂದೇ: ಉದ್ರಿ ಕೊಡೋದಾದರೆ ನಮ್ಮ ಪಾಲಿನಿಂದ ಕೊಡು, ಹಾಲಿನವನ ಪಾಲಿನಿಂದ ಕೊಡಬೇಡ. ಅಂದರೆ ನಿಮ್ಮ ಮನೆಯ ‘ಮನೆ’ ಚೀಟಿ ಇದೆಯಲ್ಲ, ಖಾತೆ ಪುಸ್ತಕದ ಒಟ್ಟು ಬಾಕಿ ಅದರಲ್ಲಿ ತಡೆಯುವಷ್ಟೇ ಇರಬೇಕು. ಅದು ತುಂಬಿದರೆ ಹೊಸ ಹೆಸರು ಬರೆಯುತ್ತಿರಲಿಲ್ಲ. ಹಳೆ ಗಿರಾಕಿಗೆ ‘ಇಲ್ಲ’ ಅನ್ನುತ್ತಲೂ ಇರಲಿಲ್ಲ.

1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಗಿರಣಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಮೊದಲ ತಿಂಗಳು ಎಲ್ಲರೂ ಇವತ್ತು ಮುಗಿಯುತ್ತದೆ, ನಾಳೆ ಮುಗಿಯುತ್ತದೆ ಅಂದುಕೊಂಡು ಉದ್ರಿ ಬರೆದರು. ಪಗಾರದ ದಿನ ಬಂತು, ಪಗಾರ ಬರಲಿಲ್ಲ. ಆ ಮುಷ್ಕರವನ್ನು ಯಾರೂ ಔಪಚಾರಿಕವಾಗಿ ನಿಲ್ಲಿಸಲೇ ಇಲ್ಲ, ಗಿರಣಿಗಳೇ ಒಂದೊಂದಾಗಿ ಹೋದವು. ನಮ್ಮ ಓಣಿಯಲ್ಲಿ ಸಾಮಾನಿನವನ ದುಡ್ಡನ್ನೂ ಉದ್ರಿಯಲ್ಲಿ ಹಾಕಿದ್ದವರ ಹೋಟೆಲುಗಳು ವರ್ಷದೊಳಗೆ ಮುಚ್ಚಿದವು. ಅವರು ಕೆಟ್ಟ ವ್ಯಾಪಾರಿಗಳಲ್ಲ, ಮನಸ್ಸು ದೊಡ್ಡದಿತ್ತು. ಆದರೆ ಕೊಟ್ಟದ್ದು ಬೇರೆಯವರ ದುಡ್ಡು.

ಅಜ್ಜ ಏನು ಮಾಡಿದರು ಅಂದರೆ, ತಿಂಡಿಗಳನ್ನೆಲ್ಲ ನಿಲ್ಲಿಸಿ ಉಸಳ್-ಪಾವ್, ಅನ್ನ-ಸಾರು, ಚಹಾ ಮೂರೇ ಇಟ್ಟರು. ಹಳೆ ಖಾತೆಯವರಿಗೆ ದಿನಕ್ಕೊಂದು ಹೊತ್ತು ಊಟ ಬರೆದುಕೊಂಡರು. ಮನೆಗೆ ಆ ವರ್ಷ ಒಂದು ಪೈಸೆಯೂ ಬರಲಿಲ್ಲ. ಅಜ್ಜಿ ಊರಿನಿಂದ ಅಕ್ಕಿ, ತೆಂಗಿನಕಾಯಿ ತರಿಸಿ ಸಂಸಾರ ನಡೆಸಿದರು. ಹುಡುಗರ ಮನಿಯಾರ್ಡರ್ ಮಾತ್ರ ಒಂದು ತಿಂಗಳೂ ತಪ್ಪಲಿಲ್ಲ. ಬರೆದ ಬಾಕಿಯಲ್ಲಿ ಬಹಳಷ್ಟು ಬರಲೇ ಇಲ್ಲ. ಅಷ್ಟು ಹೋದರೂ ಹೋಟೆಲ್ ನಿಂತಿತು, ಯಾಕೆಂದರೆ ಹೋದದ್ದು ನಮ್ಮ ಪಾಲು.

ಈಗ ನಿಮ್ಮ ಪ್ರಶ್ನೆಗೆ. ನಾನು ಮಾಡುತ್ತಿರುವುದನ್ನು ಹೇಳುತ್ತೇನೆ. ಕ್ಯೂಆರ್ ಕೋಡಿನ ಖಾತೆಯನ್ನು ಗಲ್ಲಾದ ಡ್ರಾವರ್ ಅಂತ ತಿಳಿಯಿರಿ. ಅದರಿಂದ ಯಾವ ಖರ್ಚನ್ನೂ ನೇರವಾಗಿ ಮಾಡಬಾರದು. ರಾತ್ರಿ ಶಟರ್ ಎಳೆಯುವ ಮುಂಚೆ ಅದನ್ನು ಖಾಲಿ ಮಾಡಬೇಕು. ನಮ್ಮಲ್ಲಿ ನೂರು ರೂಪಾಯಿ ಬಂದರೆ 40 ಸಾಮಾನು-ಹಾಲಿನ ಖಾತೆಗೆ, 25 ಹುಡುಗರ ಖಾತೆಗೆ, 20 ಬಾಡಿಗೆ, ಗ್ಯಾಸ್, ಕರೆಂಟಿಗೆ, 5 ರಿಪೇರಿಗೆ. ಉಳಿದ 10 ಮನೆಗೆ. ನಿಮ್ಮ ಹೋಟೆಲಿನ ಅಂಕಿ ಬೇರೆ ಇರಬಹುದು. ಕಳೆದ ಆರು ತಿಂಗಳ ಬಿಲ್ ಇಟ್ಟುಕೊಂಡು ಕೂತರೆ ಗೊತ್ತಾಗುತ್ತದೆ. ಆಯಾ ದಿನದ ಮಾರಾಟದ ಭಾಗವಾಗಿಯೇ ಹಾಕಿ, ತಿಂಗಳ ಕೊನೆಗೆ ಒಟ್ಟಿಗೆ ಹಾಕುತ್ತೇನೆ ಅಂತ ಬಿಡಬೇಡಿ. ಬ್ಯಾಂಕಿನ ಆ್ಯಪಿನಲ್ಲಿ ಖಾತೆಗೆ ಅಡ್ಡಹೆಸರು ಕೊಡಲು ಬರುತ್ತದೆ. ನಾನು ಅಜ್ಜ ಬರೆಯುತ್ತಿದ್ದಂತೆ ‘ಹುಡುಗರು’ ಅಂತಲೇ ಕೊಟ್ಟಿದ್ದೇನೆ. ಆ ಹೆಸರು ಕಂಡ ಮೇಲೆ ಅದರಿಂದ ಟಿವಿ ಕೊಳ್ಳಲು ಕೈ ಬರೋದಿಲ್ಲ.

ಇನ್ನೊಂದು, ಪಿಗ್ಮಿ ಬಿಡಬೇಡಿ, ಅದೇ ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಠೇವಣಿ. 1928ರಲ್ಲಿ ನಮ್ಮ ಉಡುಪಿಯಲ್ಲೇ ಸಿಂಡಿಕೇಟ್ ಬ್ಯಾಂಕಿನವರು ಶುರು ಮಾಡಿದ್ದು, ದಿನಕ್ಕೆ ಎರಡಾಣೆ ಮನೆ ಬಾಗಿಲಿಗೆ ಬಂದು ಎತ್ತುತ್ತಿದ್ದರು. ಈಗಲೂ ಕೆಲವು ಸಹಕಾರಿ ಬ್ಯಾಂಕು, ಸೊಸೈಟಿಗಳ ಏಜೆಂಟರು ಅಂಗಡಿಗೆ ಬರುತ್ತಾರೆ. ಮೊಬೈಲಿನಲ್ಲಿ ನಾವೇ ಕಟ್ಟಬಹುದಲ್ಲ ಅನ್ನಬಹುದು. ಎದುರಿಗೆ ಬಂದು ನಿಂತ ಮನುಷ್ಯನಿಗೆ ‘ಇವತ್ತು ಬೇಡ’ ಅನ್ನೋದು ಕಷ್ಟ, ಅದೇ ಅದರ ಶಕ್ತಿ. ನಮ್ಮಲ್ಲಿ ಗಣಪತಿಯ ಹತ್ತು ದಿನ ಲಾಲ್‌ಬಾಗಿನಲ್ಲಿ ಕಾಲಿಡಲು ಜಾಗ ಇರೋದಿಲ್ಲ, ಮಾರಾಟವೂ ಹಾಗೇ. ಆ ದಿನಗಳ ಹೆಚ್ಚುವರಿಯನ್ನು ಪಿಗ್ಮಿಗೆ ಹಾಕಿಬಿಡುತ್ತೇನೆ. ಮಳೆಗೆ ಲೋಕಲ್ ನಿಂತು ಗಿರಾಕಿಯೇ ಇಲ್ಲದ ದಿನಗಳು ಅದರಲ್ಲಿ ಕಳೆಯುತ್ತವೆ.


ಪುಣೆ ಜೋಳದ ರೊಟ್ಟಿ:

ಅಣ್ಣಾರು ಹೇಳಿದ್ದು ಖರೇ ಐತ್ರಿ. ಆದ್ರ ನನಗ ಒಂದು ಮಾತು ಒಪ್ಪಿಗಿ ಇಲ್ಲ. ‘ಮನಿ’ ಚೀಟಿ ಯಾಕ ಕಡೀಕ?

ನಮ್ಮದು ಇಂಡಿ ತಾಲೂಕ. 1972ರ ಬರಗಾಲದಾಗ ನಮ್ಮಜ್ಜಿ ಪುಣೆಕ್ಕ ಬಂದಾಕಿ. ಮೊದಲ ರಸ್ತೆ ಕೆಲಸಕ್ಕ ಖಡಿ ಹೊತ್ತಳು, ಆಮ್ಯಾಲ ರೊಟ್ಟಿ ಬಡದು ಮಾರಾಕ ಕುಂತಳು. ಓದು ಬರಹ ಏನೂ ಇರಲಿಲ್ಲ. ನಡಕ್ಕ ಒಂದು ಎಲಿ-ಅಡಕಿ ಸಂಚಿ, ಮೂರು ಪದರಿಂದು. ಒಂದರಾಗ ಜೋಳದ ರೊಕ್ಕ, ಒಂದರಾಗ ಕಟಗಿ ರೊಕ್ಕ, ಮೂರನೇದ್ದು ಕೈ ಕೂಲಿ. ಖಡಿ ಹೊತ್ತಿದ್ರ ಅವತ್ತು ಎಷ್ಟು ಪಗಾರ ಸಿಗತಿತ್ತೋ ಅಷ್ಟು ಮೂರನೇ ಪದರಿನಾಗ ಬೀಳಬೇಕು. ಬೀಳಲಿಲ್ಲಂದ್ರ ಮರುದಿನ ರೊಟ್ಟಿ ರೇಟ್ ಏರಸ್ತಿದ್ದಳು. ‘ಇಷ್ಟ್ಯಾಕವ್ವಾ’ ಅಂತ ಯಾರರೆ ಕೇಳಿದ್ರ, ‘ಹಿಟ್ಟಿಗೆ ರೊಕ್ಕ ಕೊಡತೀರಿ, ಬಡದ ಕೈಗೆ ಬ್ಯಾಡೇನು’ ಅಂತಿದ್ದಳು. ಗಿರಾಕಿ ಬಿಟ್ಟು ಹೋಗಲಿಲ್ರಿ.

ಈಗ ನಾನು, ನಮ್ಮ ವೈನಿ ಕೂಡಿ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮನಿಮನಿಗೆ ಕೊಡ್ತೀವಿ. ಮಾರ್ಕೆಟ್ ಯಾರ್ಡಿನಾಗ ಮಾಲದಂಡಿ ಜೋಳ ತುಟ್ಟಿ ಆದಾಗ ಮೊದಲ ನಮ್ಮ ಕೂಲಿ ಕಡಿಮಿ ಮಾಡ್ಕೊಳ್ಳೂದು ಅಂತ ಇಲ್ಲ. ರೇಟ್ ನೋಡ್ತೀವಿ, ಅಳತಿ ನೋಡ್ತೀವಿ, ಕೂಲಿ ಹಂಗ ಇರ್ತದ.

ಡೊಂಬಿವಲಿ ತಂಗಿ, ನಿಮ್ಮ ಹೋಟೆಲಿನಾಗ ಚಟ್ನಿ ರುಬ್ಬಾಕಿ ಯಾರು? ನಿಮ್ಮವ್ವ ಇದ್ರ ಆಕೀ ಹೆಸರಿಂದು ಚೀಟಿ ಐತೇನು? ನಿಮ್ಮ ಹೆಸರಿಂದು? ಮನಿಯವರ ದುಡಿಮಿ ಲೆಕ್ಕಕ್ಕ ಹಿಡೀದ ಹೋಟೆಲ್ ಲಾಭದಾಗ ಐತಿ ಅಂದ್ರ ಆ ಲೆಕ್ಕ ನಾನು ನಂಬಂಗಿಲ್ಲ. ಎರಡನೇ ಬ್ರಾಂಚ್ ಹಾಕಿದಾಗ ಅಲ್ಲಿ ರುಬ್ಬಾಕ ಇನ್ನೊಬ್ಬ ಅವ್ವ ಸಿಗಂಗಿಲ್ಲ, ಪಗಾರ ಕೊಟ್ಟ ಇಡಬೇಕು. ನಿಮ್ಮ ತಮ್ಮಗ ಇದನ್ನ ಮೊದಲ ತೋರಸ್ರಿ.


ಮುಲುಂಡ್ ಲೆಕ್ಕಪತ್ರ:

ಸಣ್ಣ ಹೋಟೆಲುಗಳ ಲೆಕ್ಕ ನೋಡುವವನು ನಾನು. ತೆರಿಗೆಯ ಚೀಟಿಯ ಬಗ್ಗೆ ಎರಡು ಮಾತು. ಲಾಲ್‌ಬಾಗಿನವರ ಪಟ್ಟಿಯಲ್ಲಿ ಅದು ಕಾಣಲಿಲ್ಲ.

ರೆಸ್ಟೋರೆಂಟಿಗೆ ಜಿಎಸ್‌ಟಿ 5%, ಅದರಲ್ಲಿ ಇನ್‌ಪುಟ್ ಕ್ರೆಡಿಟ್ ಇಲ್ಲ. ಅಂದರೆ ನೀವು ಗ್ಯಾಸಿಗೆ, ಮಿಕ್ಸರಿಗೆ ಕಟ್ಟಿದ ತೆರಿಗೆ ವಾಪಸ್ ಬರೋದಿಲ್ಲ, ಅದು ಖರ್ಚೇ. ಗಿರಾಕಿ ಕೊಟ್ಟ 105ರಲ್ಲಿ 5 ರೂಪಾಯಿ ಸರ್ಕಾರದ್ದು. ಅದನ್ನು ಅದೇ ರಾತ್ರಿ ಬೇರೆ ಖಾತೆಗೆ ಹಾಕಿ, ಆಮೇಲೆ ಉಳಿದ ನೂರನ್ನು ಪಾಲು ಮಾಡಿ. ಪ್ರತಿ ತಿಂಗಳು ರಿಟರ್ನ್ ಹಾಕುವವರು ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು, ಆಗ ಓಡಾಟ ತಪ್ಪುತ್ತದೆ. ಆ್ಯಪ್ ಮೂಲಕ ಬಂದ ಆರ್ಡರಿನ ತೆರಿಗೆಯನ್ನು 2022ರ ಜನವರಿ 1ರಿಂದ ಆ್ಯಪಿನವರೇ ಕಟ್ಟುತ್ತಾರೆ, ಅದನ್ನು ಎರಡು ಸಲ ಎತ್ತಿಡಬೇಡಿ. ಸಣ್ಣ ವ್ಯಾಪಾರಿಗಳಿಗೆಂದೇ ಇರುವ ಜಿಎಸ್‌ಟಿಯ ಕಾಂಪೊಸಿಷನ್ ಸ್ಕೀಮಿನಲ್ಲಿದ್ದರೆ ಬಿಲ್ಲಿನಲ್ಲಿ ತೆರಿಗೆ ಹಾಕುವಂತಿಲ್ಲ, ನಿಮ್ಮ ಮಾರಾಟದಿಂದಲೇ ಕೊಡಬೇಕು. ಆಗ ನಿಮ್ಮ ಪಾಲುಗಳ ಅಂಕಿಯೇ ಬದಲಾಗುತ್ತದೆ.

ಪಿಗ್ಮಿ ಬಗ್ಗೆ: ಬ್ಯಾಂಕ್ ಆಗಿದ್ದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ, ಸಹಕಾರಿ ಬ್ಯಾಂಕಿಗೂ ಅನ್ವಯಿಸುತ್ತದೆ. ಕ್ರೆಡಿಟ್ ಸೊಸೈಟಿಗೆ ಆ ವಿಮೆ ಇಲ್ಲ. ಏಜೆಂಟ್ ಪರಿಚಯದವನು ಅಂತ ಈ ವ್ಯತ್ಯಾಸ ಮರೆಯಬೇಡಿ.


ಡೊಂಬಿವಲಿ ಮೊಮ್ಮಗಳು:

ಮೂವರಿಗೂ ಮನಸಾರೆ ಧನ್ಯವಾದ. ಮೂರೂ ಉತ್ತರವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ.

ಪುಣೆಯ ಅಕ್ಕ, ಚಟ್ನಿ ರುಬ್ಬುವುದು ಅಮ್ಮನೇ. ಇಡ್ಲಿ ಹಿಟ್ಟು, ಸಾಂಬಾರ್ ಪುಡಿ ಕೂಡ. ಅವರ ಹೆಸರಿನ ಚೀಟಿ ನಮ್ಮಲ್ಲಿ ಯಾವತ್ತೂ ಇರಲಿಲ್ಲ. ನಿಮ್ಮ ಮಾತು ಓದಿದಾಗ ಅಮ್ಮ ‘ನನಗೆ ಯಾಕೆ’ ಅಂದರು. ಅಪ್ಪ ‘ಭಟ್ರನ್ನು ಇಟ್ಟರೆ ಎಷ್ಟು ಕೊಡಬೇಕು, ಅಷ್ಟು ಬರಿ’ ಅಂದರು. ಅಮ್ಮನದನ್ನೂ ನನ್ನದನ್ನೂ ‘ಹುಡುಗರು’ ಖಾತೆಯಲ್ಲೇ ಸೇರಿಸಿ ನೋಡಿದಾಗ ಸಂಬಳದ ಪಾಲು ನಾವು ಅಂದುಕೊಂಡದ್ದಕ್ಕಿಂತ ಎಷ್ಟೋ ದೊಡ್ಡದಾಯಿತು. ತಮ್ಮ ಆ ಕಾಗದವನ್ನು ತಾನೇ ತೆಗೆದುಕೊಂಡು ಕಲ್ಯಾಣದ ಲೆಕ್ಕ ಮತ್ತೆ ಹಾಕುತ್ತಿದ್ದಾನೆ. ಅವನಿಗೆ ಬೇಡ ಅಂತ ಹೇಳುವ ಆಸೆ ನನಗಿಲ್ಲ. ಅಮ್ಮನ ಸಂಬಳ ಕೊಟ್ಟ ಮೇಲೂ ಲಾಭ ಉಳಿದರೆ ನಾನೇ ಜಾಗ ನೋಡಲು ಹೋಗುತ್ತೇನೆ.

ಲಾಲ್‌ಬಾಗಿನ ಅಣ್ಣ, ಕ್ಯೂಆರ್ ಖಾತೆಯನ್ನು ದಿನಾ ರಾತ್ರಿ ಖಾಲಿ ಮಾಡುವ ಕ್ರಮವನ್ನು ಈ ಸೋಮವಾರದಿಂದಲೇ ಶುರು ಮಾಡುತ್ತೇನೆ. ನಮ್ಮಲ್ಲಿ ಎದುರಿನ ಕೋಚಿಂಗ್ ಕ್ಲಾಸಿನ ಮಕ್ಕಳಿಗೆ ತಿಂಗಳ ಖಾತೆ ಇದೆ. ಅದರ ಬಾಕಿಯನ್ನು ಇನ್ನು ಮೇಲೆ ನಮ್ಮ ಹತ್ತು ರೂಪಾಯಿಯ ಪಾಲಿನ ಜೊತೆ ಇಟ್ಟು ಅಳೆಯುತ್ತೇನೆ, ಇದು ನನಗೆ ಹೊಸ ವಿಷಯ.

ಒಂದು ಉಳಿಯಿತು. ಡೊಂಬಿವಲಿ, ಠಾಕುರ್ಲಿ ಕಡೆ ಅಂಗಡಿಗೆ ಬಂದು ಪಿಗ್ಮಿ ಎತ್ತುವ ಬ್ಯಾಂಕ್ ಯಾವುದು? ಸೊಸೈಟಿ ಅಲ್ಲ, ವಿಮೆ ಇರುವ ಬ್ಯಾಂಕೇ ಬೇಕು. ಸಂಜೆ ನಾಲ್ಕರ ಹೊತ್ತಿಗೆ ಬರುವವರಾದರೆ ಒಳ್ಳೆಯದು, ಆಮೇಲೆ ನಮ್ಮಲ್ಲಿ ಉಸಿರಾಡಲು ಪುರುಸೊತ್ತು ಇರೋದಿಲ್ಲ.