ಸದಸ್ಯ ದೇಶಗಳು ಜಾಸ್ತಿಯಾದರೆ ಯುರೋಪಿಯನ್ ಒಕ್ಕೂಟದಲ್ಲಿ ಸಣ್ಣವರ ಮಾತು ನಡೆಯುತ್ತಾ?

ಪ್ರಶ್ನೆ:
1957ರಲ್ಲಿ ಈ ಒಕ್ಕೂಟಕ್ಕೆ ಬುನಾದಿ ಹಾಕಿದ ರೋಮ್ ಒಪ್ಪಂದಕ್ಕೆ ಸಹಿ ಹಾಕಿದ್ದು ಆರೇ ದೇಶ. ಈಗ 27 ಇವೆ, ಉಕ್ರೇನ್, ಮಾಲ್ಡೋವಾ ಮತ್ತೆ ಬಾಲ್ಕನ್ ಕಡೆಯ ಕೆಲವು ದೇಶಗಳು ಬಾಗಿಲಲ್ಲಿ ಕಾಯುತ್ತಿವೆ. ಹೊಸಬರು ಬಂದಷ್ಟೂ ಸಣ್ಣ ದೇಶಗಳ ಮಾತಿನ ತೂಕ ಇಳಿಯುತ್ತದೆ ಅಂತ ನನಗನ್ನಿಸುತ್ತದೆ. ಸರಿಯಾ?

ಉತ್ತರ 1:
ಯಾವಾಗಲೂ ಹಾಗಾಗುವುದಿಲ್ಲ. ಲಕ್ಸೆಂಬರ್ಗ್ ಕಥೆ ನೋಡಿ, ನನಗಂತೂ ಇದು ತುಂಬಾ ಇಷ್ಟದ ಲೆಕ್ಕ. ಶುರುವಿನಲ್ಲಿ ಮಂತ್ರಿಗಳ ಮಂಡಳಿಯಲ್ಲಿ (ಸದಸ್ಯ ದೇಶಗಳ ಮಂತ್ರಿಗಳು ಕೂತು ಮತ ಹಾಕುವ ಸಭೆ) ಜರ್ಮನಿ, ಫ್ರಾನ್ಸ್, ಇಟಲಿಗೆ ತಲಾ 4 ಮತ, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್‌ಗೆ 2, ಲಕ್ಸೆಂಬರ್ಗ್‌ಗೆ 1. ಒಟ್ಟು 17. ಕಮಿಷನ್ (ಕಾನೂನಿನ ಪ್ರಸ್ತಾಪ ತರುವ, ಆಡಳಿತ ನಡೆಸುವ ಸಂಸ್ಥೆ) ತಂದ ಪ್ರಸ್ತಾಪ ಪಾಸಾಗಲು 12 ಬೇಕು. ಲಕ್ಸೆಂಬರ್ಗ್‌ನ ಒಂದು ಮತದಿಂದ 12 ಆಗಬೇಕಾದರೆ ಉಳಿದವರದ್ದು ಸರಿಯಾಗಿ 11 ಇರಬೇಕು. ಉಳಿದ ಐವರದ್ದೂ ಸಮಸಂಖ್ಯೆ, ಹೇಗೆ ಕೂಡಿದರೂ 11 ಬರುವುದಿಲ್ಲ. ಅಂದರೆ ಆ ಒಂದು ಮತದಿಂದ ಫಲಿತಾಂಶ ಬದಲಾಗುವ ಸಂದರ್ಭವೇ ಇರಲಿಲ್ಲ!

1973ರಲ್ಲಿ ಬ್ರಿಟನ್, ಐರ್ಲೆಂಡ್, ಡೆನ್ಮಾರ್ಕ್ ಸೇರಿದವು. ಮತಗಳು 58ಕ್ಕೆ ಏರಿದವು, ಗೆಲ್ಲಲು 41 ಬೇಕು, ಲಕ್ಸೆಂಬರ್ಗ್‌ಗೆ 2. ಪಾಲು ಇಳಿಯಿತು, ಆದರೆ ತಲಾ 10 ಮತದ ನಾಲ್ಕು ದೊಡ್ಡವರು ಸೇರಿದರೂ 40ಕ್ಕೇ ನಿಲ್ಲುತ್ತಾರೆ. ಆಗ ಲಕ್ಸೆಂಬರ್ಗ್‌ನ 2 ಮತ ಸೇರಿದರೂ ಸಾಕು, ಗೆಲುವು ಸಿಗುತ್ತದೆ. ಪಾಲು ಬೇರೆ, ಬಲ ಬೇರೆ.

ಉತ್ತರ 2:
ಮೇಲಿನ ಲೆಕ್ಕ ಚೆನ್ನಾಗಿದೆ, ಆದರೆ ಅದು ಮತ ಹಾಕುವ ವಿಷಯಗಳಿಗೆ ಮಾತ್ರ. ನಿಜವಾದ ತಲೆನೋವು ಎಲ್ಲರೂ ಒಪ್ಪಲೇಬೇಕಾದ ವಿಷಯಗಳಲ್ಲಿದೆ: ವಿದೇಶಾಂಗ ನೀತಿ, ತೆರಿಗೆ, ದೀರ್ಘಾವಧಿ ಬಜೆಟ್, ಹೊಸಬರನ್ನು ಸೇರಿಸಿಕೊಳ್ಳುವುದು. ಆರು ದೇಶ ಇದ್ದಾಗ ಒಬ್ಬರು ಮುನಿಸಿಕೊಂಡರೆ ಕೂತು ಮಾತಾಡಬಹುದಿತ್ತು (ಆಗಲೂ ಸುಲಭವಿರಲಿಲ್ಲ, 1965ರಲ್ಲಿ ಫ್ರಾನ್ಸ್ ತಿಂಗಳುಗಟ್ಟಲೆ ಸಭೆಗೇ ಬರಲಿಲ್ಲ). 27 ಇದ್ದಾಗ ಯಾವುದೋ ಒಂದು ದೇಶ ತನ್ನ ಬೇರೆ ಬೇಡಿಕೆ ಈಡೇರುವವರೆಗೆ ಎಲ್ಲರನ್ನೂ ಕಾಯಿಸಬಹುದು. ಇದು ನನಗೆ ಅನ್ಯಾಯ ಅಂತಲೇ ಕಾಣುತ್ತದೆ. 2023ರ ಡಿಸೆಂಬರ್‌ನಲ್ಲಿ ಉಕ್ರೇನ್ ಜೊತೆ ಸೇರ್ಪಡೆಯ ಮಾತುಕತೆ ಶುರು ಮಾಡುವ ತೀರ್ಮಾನ ಆಗಿದ್ದು, ಅದನ್ನು ವಿರೋಧಿಸುತ್ತಿದ್ದ ಹಂಗೆರಿಯ ಆಗಿನ ಪ್ರಧಾನಿ ಓರ್ಬಾನ್ ಕೋಣೆಯಿಂದ ಆಚೆ ಹೋದಾಗ. ಇಷ್ಟು ದೊಡ್ಡ ವಿಷಯ ಹೀಗೆ ಮುಗಿಯಬೇಕಾ?

ಪ್ರಶ್ನೆ ಕೇಳಿದವರು:
ಹಾಗಾದರೆ ವೀಟೋ (ಒಂದೇ ದೇಶ ಬೇಡ ಅಂದು ತಡೆಯುವ ಹಕ್ಕು) ತೆಗೆದುಹಾಕಿ ಎಲ್ಲದಕ್ಕೂ ಬಹುಮತ ಅಂತ ಮಾಡಬಹುದಲ್ವಾ?

ಉತ್ತರ 3:
ಮಾಡಬಹುದು, ಆದರೆ ವೀಟೋ ತೆಗೆಯುವುದಕ್ಕೂ ಎಲ್ಲರ ಒಪ್ಪಿಗೆ ಬೇಕು. ಸಣ್ಣ ದೇಶಗಳ ಭಯವನ್ನೂ ಸುಮ್ನೆ ತಳ್ಳಿಹಾಕಬೇಡಿ. 2014ರ ನವೆಂಬರ್‌ನಿಂದ ಬಹುಮತ ಅಂದರೆ 55% ದೇಶಗಳು, ಜೊತೆಗೆ ಒಕ್ಕೂಟದ 65% ಜನಸಂಖ್ಯೆ. ಎರಡನೇ ಲೆಕ್ಕದಲ್ಲಿ ಸುಮಾರು 5 ಲಕ್ಷ ಜನರ ಮಾಲ್ಟಾ ಕಾಣುವುದೇ ಇಲ್ಲ, 8 ಕೋಟಿ ದಾಟಿದ ಜರ್ಮನಿ ಎದ್ದು ಕಾಣುತ್ತದೆ. ಸಣ್ಣ ದೇಶಗಳಿಗೆ ತೆರಿಗೆ ವಿಷಯದಲ್ಲಿ ಇರುವ ಒಂದೇ ಹಿಡಿತ ಈ ವೀಟೋ.

ಕಮಿಷನ್‌ನಲ್ಲೂ ಹೀಗೇ ಆಯಿತು. ಸದಸ್ಯರು ಜಾಸ್ತಿಯಾದರು, ದೇಶಕ್ಕೊಬ್ಬ ಕಮಿಷನರ್ ಬೇಡ, ದೇಶಗಳ ಸಂಖ್ಯೆಯ ಮೂರರಲ್ಲಿ ಎರಡು ಪಾಲಿನಷ್ಟು ಕಮಿಷನರ್‌ಗಳು ಸಾಕು ಅಂತ ಒಕ್ಕೂಟದ ನಿಯಮಗಳನ್ನು ಬದಲಿಸಿದ ಲಿಸ್ಬನ್ ಒಪ್ಪಂದದಲ್ಲಿ ಬರೆದರು. 2008ರಲ್ಲಿ ಐರ್ಲೆಂಡ್ ಜನ ಆ ಒಪ್ಪಂದಕ್ಕೇ ಬೇಡ ಅಂದರು. ಕೊನೆಗೆ ಅವರನ್ನು ಒಪ್ಪಿಸಲು ದೇಶಕ್ಕೊಬ್ಬರು ಅನ್ನುವುದನ್ನೇ ಉಳಿಸಿಕೊಂಡರು.

ಉತ್ತರ 2:
ಒಪ್ಪುತ್ತೇನೆ. ಅದಕ್ಕೇ ನಾನು ಹೇಳುವುದು, ತೆರಿಗೆಯನ್ನು ಸದ್ಯಕ್ಕೆ ಮುಟ್ಟಬೇಡಿ. ಸೇರ್ಪಡೆಯ ಮಾತುಕತೆಯಲ್ಲಿ ನಡುನಡುವೆ ಬರುವ ಪ್ರತಿ ಮೆಟ್ಟಿಲಿಗೂ ವೀಟೋ ಇದೆಯಲ್ಲ, ಮೊದಲು ಅದನ್ನು ಬಿಡಿ, ಕೊನೆಯ ಒಪ್ಪಿಗೆಗೆ ಮಾತ್ರ ಇಟ್ಟುಕೊಳ್ಳಿ. ಅದೂ ಹೊಸಬರು ಒಳಗೆ ಬರುವ ಮುಂಚೆ ಆಗಬೇಕು, ಬಂದ ಮೇಲೆ ಒಪ್ಪಿಸಬೇಕಾದವರು 30ಕ್ಕಿಂತ ಜಾಸ್ತಿ ಇರುತ್ತಾರೆ.