ಒಂದು ರಂಗಗೀತೆ ಕೇಳಿ ನಾಟಕದ ಹುಚ್ಚು ಹಿಡಿದಿದೆ, ಯಾವುದರಿಂದ ಶುರು ಮಾಡಲಿ?

ಜಯನಗರದವಳು:
ಎಲ್ಲರಿಗೂ ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟಿನ ಗಣೇಶನ ಹಬ್ಬದಲ್ಲಿ ಒಬ್ಬರು ‘ಗಜವದನ ಹೇರಂಬ’ ಹಾಡಿದರು. ಪಕ್ಕವಾದ್ಯ ಏನೂ ಇಲ್ಲ, ಬರೀ ಚಪ್ಪಾಳೆ, ಆದರೂ ಸ್ವಲ್ಪ ಹೊತ್ತಿಗೆ ಮಕ್ಕಳಿಂದ ಅಜ್ಜಿಯರವರೆಗೆ ಎಲ್ಲರೂ ದನಿ ಸೇರಿಸಿಬಿಟ್ಟರು. ಕೇಳಿದರೆ ಅದು ‘ಹಯವದನ’ ನಾಟಕದ ಹಾಡಂತೆ, ಬಿ.ವಿ. ಕಾರಂತರ ಸಂಗೀತವಂತೆ. ಅವತ್ತಿನಿಂದ ರಂಗಗೀತೆ ಬಿಟ್ಟು ಬೇರೇನೂ ಕೇಳಲು ಮನಸ್ಸಾಗುತ್ತಿಲ್ಲ. ಆದರೆ ಫೋನಲ್ಲಿ ಕೇಳುವಾಗ ಏನೋ ಕಮ್ಮಿ ಅನ್ನಿಸುತ್ತದೆ. ಯಾಕೆ?

ಸೈಡ್‌ವಿಂಗ್:
ಕಮ್ಮಿ ಇರುವುದು ನಾಟಕ! ‘ಹಯವದನ’ ಶುರುವಾಗುವುದೇ ಈ ಹಾಡಿನಿಂದ. ಆನೆಯ ತಲೆ, ಮನುಷ್ಯನ ಮೈ ಇರುವ ದೇವರಿಗೆ ಭಾಗವತರು, ಅಂದರೆ ಹಾಡುತ್ತಾ ಕಥೆ ನಡೆಸುವವರು, ಕೈಮುಗಿಯುತ್ತಾರೆ. ಆಮೇಲೆ ನೋಡಿದರೆ ಕಥೆಯೂ ಅದೇ: ದೇವದತ್ತ, ಕಪಿಲ ಇಬ್ಬರ ತಲೆ ಅದಲುಬದಲಾಗುತ್ತದೆ, ಪದ್ಮಿನಿಗೆ ಗಂಡ ಯಾರು ಅನ್ನೋದೇ ಪ್ರಶ್ನೆಯಾಗುತ್ತದೆ, ಇನ್ನು ಹಯವದನನಿಗಂತೂ ಕುದುರೆಯ ತಲೆ. ಇಷ್ಟೆಲ್ಲ ಆ ಮೊದಲ ಹಾಡಿನಲ್ಲೇ ಕೂತಿರುತ್ತದೆ. ಕಾರ್ನಾಡರ ಈ ನಾಟಕ ಎಲ್ಲಿ ಆಡಿದರೂ ಬಿಡಬೇಡಿ. ಶ್ರೀರಂಗರ ‘ಸತ್ತವರ ನೆರಳು’ ಕೂಡ ನೋಡಿ, ಬೆನಕ ತಂಡದ್ದು, ದಾಸರ ಪದಗಳನ್ನು ಕಾರಂತರು ಅದರಲ್ಲಿ ಬಳಸಿರುವ ರೀತಿಗೆ ಮೈ ಜುಮ್ಮೆನ್ನುತ್ತದೆ.

ಹಾರ್ಮೋನಿಯಂ ಮೇಷ್ಟ್ರು:
ಕಾರಂತರ ಬೇರು ಕಂಪನಿ ನಾಟಕದಲ್ಲಿದೆ, ಅಂದರೆ ಊರೂರು ತಿರುಗಿ ಟಿಕೆಟ್ ಇಟ್ಟು ಆಡುತ್ತಿದ್ದ ವೃತ್ತಿ ತಂಡಗಳ ನಾಟಕದಲ್ಲಿ, ಅದನ್ನೂ ತಿಳಿದುಕೊಳ್ಳಮ್ಮ. ಚಿಕ್ಕ ಹುಡುಗನಾಗಿದ್ದಾಗಲೇ ಅವರು ಗುಬ್ಬಿ ಕಂಪನಿ ಸೇರಿದವರು. ಆ ಕಂಪನಿ ಶುರುವಾಗಿದ್ದು 1884ರಲ್ಲಿ. ಆಗ ಮೈಕ್ ಎಲ್ಲಿತ್ತು? ಕೊನೇ ಸಾಲಿಗೂ ಕೇಳಬೇಕು ಅಂದರೆ ನಟರು ಏರು ಶ್ರುತಿಯಲ್ಲೇ ಹಾಡಬೇಕಿತ್ತು. ಹಾರ್ಮೋನಿಯಂ ಮೇಷ್ಟ್ರು ಕಾಲಲ್ಲಿ ತಿದಿ ಒತ್ತುತ್ತಾ ಎರಡೂ ಕೈಯಲ್ಲಿ ನುಡಿಸುತ್ತಿದ್ದರು, ಕಣ್ಣು ಮಾತ್ರ ನಟನ ಮುಖದ ಮೇಲೆ, ಅವನು ಎಲ್ಲಿ ಉಸಿರು ತಗೋತಾನೆ, ಎಲ್ಲಿ ಎಳೀತಾನೆ ಅಂತ ನೋಡಿಕೊಂಡೇ ಸ್ವರ ಹಿಡಿಯಬೇಕು. ಜನ ‘ಒನ್ಸ್ ಮೋರ್’ ಅಂದರೆ ಕಥೆ ಅಲ್ಲೇ ನಿಲ್ಲುತ್ತಿತ್ತು, ಹಾಡು ಮತ್ತೆ ಮೊದಲಿಂದ. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರ ಹಾಡು ಕೇಳು. ಆ ತುಂಬು ಕಂಠದಲ್ಲಿ ಹಳೇ ಕಂಪನಿಯ ಗತ್ತು ಹಾಗೇ ಇದೆ.

ಜಯನಗರದವಳು:
ಥ್ಯಾಂಕ್ಸ್ ಸರ್, ಇವತ್ತೇ ಕೇಳುತ್ತೇನೆ. ನೋಡೋಕೆ ಎಲ್ಲಿಗೆ ಹೋಗಲಿ?

ಸೈಡ್‌ವಿಂಗ್:
ಜೆ.ಪಿ. ನಗರದ ರಂಗಶಂಕರ ನಿಮಗೆ ಹತ್ತಿರ, ಅಲ್ವಾ? ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದ ಮೇಲೂ ಕಣ್ಣಿಟ್ಟಿರಿ. ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಒಳಗೆ ಬಿಡಲ್ಲ, ಟ್ರಾಫಿಕ್ ಲೆಕ್ಕ ಹಾಕಿಕೊಂಡು ಮುಂಚೆನೇ ಹೊರಡಿ. ಹಾಡುವ, ವಾದ್ಯ ನುಡಿಸುವ ಮೇಳದವರು ಕೂತಿರುವ ಬದಿಯಲ್ಲೇ ಸೀಟು ಹಿಡಿಯಿರಿ.